ಮೂವತ್ತೆಂಟು ಇಂಚು

"ಆ ಗೋಣಿಚೀಲ ತಗೀಬ್ಯಾಡ್ರಿ ಮೇಡಂ. ಇನ್ನೂ ಹಸಿ ಐತಿ," ಎಂದ ಸೋಮಲಿಂಗ.

ಹನ್ನೊಂದು ವರ್ಷಗಳಲ್ಲಿ ಅವನು ನನಗೆ ಏನನ್ನಾದರೂ ಬೇಡ ಅಂದದ್ದು ಅದೇ ಮೊದಲು. ಬೇಡ ಅಂದದ್ದನ್ನು ಮಾಡದೆ ಬಿಡುವ ಜಾಯಮಾನ ನನ್ನದಲ್ಲ. ಅಡುಗೆಮನೆಯ ಹೊಸ ಕಾಂಕ್ರೀಟ್ ಕಟ್ಟೆಗೆ ಹೊದಿಸಿದ್ದ ಒದ್ದೆ ಚೀಲಗಳನ್ನು ಒಂದೊಂದಾಗಿ ಎತ್ತಿ ಎಸೆದೆ. ಎಸೆದವಳು ಹಾಗೇ ದಂಗಾಗಿ ನಿಂತೆ.

ಕಟ್ಟೆ ನನ್ನ ಮೊಣಕೈಗಿಂತ ಮೇಲಿತ್ತು!

ಟೇಪ್ ಹಿಡಿದೆ. ಮೂವತ್ತೆಂಟು ಇಂಚು. ಡ್ರಾಯಿಂಗಿನಲ್ಲಿ ನಾನು ಮೂವತ್ತೆರಡು ಎಂದು ಕೆಂಪು ಇಂಕಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ನಾನು ಶೇವಂತಿ, ಆರ್ಕಿಟೆಕ್ಟ್. ಬೆಳಗಾವಿಯಲ್ಲಿ ಓದಿ, ಪುಣೆಯಲ್ಲಿ ಆರು ವರ್ಷ ದುಡಿದು, ಜಮಖಂಡಿಗೆ ಮರಳಿ ಬೋರ್ಡ್ ಹಾಕಿದವಳು. ನನ್ನ ಮನೆಗಳಲ್ಲಿ ಕಮಾನಿಲ್ಲ, ಕಂಬದ ಮೇಲೆ ಸಿಂಹವಿಲ್ಲ. ಬರಿಯ ಕಲ್ಲು, ಕಾಂಕ್ರೀಟು, ಬೆಳಕು. ಬನಹಟ್ಟಿಯ ನೇಕಾರರೊಬ್ಬರಿಗೆ ಕಟ್ಟಿಸಿದ ಮೊದಲ ಮನೆ ನೋಡಿ "ಇದು ಮನಿನೋ, ಗೋಡೌನೋ?" ಎಂದು ಜನ ನಕ್ಕಿದ್ದರು. ಅಲ್ಲಿ ಮಗ್ಗದ ಮೇಲೆ ದಿನವಿಡೀ ತಂಪು ಬೆಳಕು ಇಳಿಯುವುದನ್ನು ಕಂಡ ಮೇಲೆ ಅದೇ ಜನ ನನ್ನ ಆಫೀಸಿನ ಬಾಗಿಲಿಗೆ ಬಂದರು. ಮುಧೋಳ, ಬೀಳಗಿ, ರಬಕವಿ ಸೇರಿ ಈವರೆಗೆ ಇಪ್ಪತ್ತೇಳು ಮನೆ. ಅಷ್ಟನ್ನೂ ಕಟ್ಟಿದ ಗೌಂಡಿ ಸೋಮಲಿಂಗ.

ಇಪ್ಪತ್ತೆಂಟನೆಯದು ನನ್ನದೇ. ಚಿಕ್ಕಪಡಸಲಗಿ ರಸ್ತೆಯ ಪಕ್ಕ, ನಾನೊಬ್ಬಳೇ ಇರಲಿಕ್ಕೆ. ಒಂದು ಮಲಗುವ ಕೋಣೆ, ಕಿಟಕಿಯ ಹತ್ತಿರ ಒಂದು ಉದ್ದ ಮೇಜು, ಅಷ್ಟೆ. ಮೂವತ್ತೊಂಬತ್ತರ ಮಗಳನ್ನು ನೋಡಿ ನಿಟ್ಟುಸಿರು ಬಿಡುವ ಅವ್ವನಿಗೂ ಬಂಧುಬಳಗಕ್ಕೂ, ಒಬ್ಬಳೇ ಇರುವುದನ್ನೂ ಚೆಂದಾಗಿ ಕಟ್ಟಬಹುದು ಎಂದು ತೋರಿಸುವ ಹಟ ನನ್ನದು. ಆ ಹಟದ ಮನೆಯಲ್ಲಿ ಆರು ಇಂಚು ಹೆಚ್ಚುಕಡಿಮೆಯಾದರೆ ಸುಮ್ಮನಿರಲಿಕ್ಕಾಗುತ್ತದೆಯೇ?

"ಇದೇನ್ರಿ ಸೋಮಲಿಂಗ?"

"ತಪ್ಪಾಗೇತ್ರಿ. ಒಡದು ಮತ್ತ ಕಟ್ತೇನಿ."

"ಅರ್ಧ ಇಂಚ ಆದ್ರ ತಪ್ಪ ಅನ್ನಬಹುದು. ಆರ ಇಂಚ! ಯಾವ ಡ್ರಾಯಿಂಗ್ ನೋಡಿ ಕಟ್ಟೀರಿ?"

ಯಾವಾಗಲೂ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ ಮನುಷ್ಯ ನನ್ನ ಚಪ್ಪಲಿ ನೋಡುತ್ತ ನಿಂತ. ಮೂಲೆಯಲ್ಲಿ ಉಸುಕು ಸೋಸುತ್ತಿದ್ದ ತಾರವ್ವ ಬಾಯಿಗೆ ಸೆರಗು ಹಿಡಿದು ಕಿಸಕ್ಕನೆ ನಕ್ಕಳು.

"ಡ್ರಾಯಿಂಗ್ ಎಲ್ಲಿ ನೋಡಿದ್ರು ಅಕ್ಕಾರ? ಕಿಡಕಿ ಕಡೆ ಮಾರಿ ಮಾಡಿ ತಾವ ನಿಂತ್ರು. ರೊಟ್ಟಿ ಬಡದಂಗ ಕೈ ಮಾಡಿ, 'ಇಲ್ಲಿಗೆ ದಾರ ಕಟ್ಟ್ರಿ' ಅಂದ್ರು."

"ಏ ತಾರವ್ವಾ, ನೀರ ತಗೊಂಬಾ ಹೋಗ!" ಸೋಮಲಿಂಗನ ಕಿವಿಗಳು ಕೆಂಪಾಗಿದ್ದವು.

ನಾನು ಟೇಪನ್ನು ಮತ್ತೆ ಬಿಚ್ಚಿದೆ.

ಅಡುಗೆಕಟ್ಟೆಗೆ ನನ್ನದೊಂದು ಪದ್ಧತಿ ಇದೆ. ಯಾರ ಮನೆಯಾದರೂ ಸರಿ, ಅಡುಗೆ ಮಾಡುವವರನ್ನು ಗೋಡೆಗೆ ನಿಲ್ಲಿಸಿ ಮೊಣಕೈ ಎತ್ತರ ಅಳೆಯುತ್ತೇನೆ. ಅದಕ್ಕಿಂತ ಐದು ಇಂಚು ಕೆಳಗೆ ಕಟ್ಟೆ ಬರಬೇಕು, ಬೆನ್ನು ಬಾಗಬಾರದು. ಇಪ್ಪತ್ತೇಳು ಮನೆಗಳಲ್ಲೂ ಟೇಪಿನ ಇನ್ನೊಂದು ತುದಿ ಹಿಡಿದವನು ಇವನೇ.

"ಗೋಡಿಗೆ ನಿಲ್ರಿ," ಎಂದೆ.

"ಮೇಡಂ, ಬ್ಯಾಡ್ರಿ…"

"ನಿಲ್ರಿ ಅಂದೆ."

ನಿಂತ. ಅವನ ಕೈ ಹಿಡಿದು ಮೊಣಕೈ ಮಡಚಿದೆ. ಸಿಮೆಂಟು ಒಣಗಿ ಒರಟಾದ ಕೈ. ನೂರು ಸಲ ಊಟದ ಡಬ್ಬಿ ಇಸಿದುಕೊಂಡಿದ್ದೇನೆ ಆ ಕೈಯಿಂದ. ಹೆಂಡತಿ ತೀರಿಹೋದ ಮೇಲಿನ ಎಂಟು ವರ್ಷಗಳಿಂದ ಅವನೇ ಬಡಿದ ರೊಟ್ಟಿ, ಅವನೇ ಮಾಡಿದ ಝುಣಕ, ಅದರಲ್ಲಿ ಅರ್ಧ ನನ್ನ ಪಾಲು. ಮೊಣಕೈಯಿಂದ ನೆಲದವರೆಗೆ ಟೇಪ್ ಇಳಿಬಿಟ್ಟೆ.

ನಲವತ್ತಮೂರು ಇಂಚು. ಐದು ಕಳೆದರೆ ಮೂವತ್ತೆಂಟು.

ನನ್ನ ಮನೆಯಲ್ಲಿ, ನನ್ನದೇ ಪದ್ಧತಿಯ ಪ್ರಕಾರ, ಈ ಗಂಡಸು ತನಗಾಗಿ ಅಡುಗೆಕಟ್ಟೆ ಕಟ್ಟಿಕೊಂಡಿದ್ದ.

"ಬೇಕಂತ ಮಾಡ್ಲಿಲ್ರಿ, ಶಿವನಾಣಿ," ಎಂದ ಮೆಲ್ಲಗೆ. "ನೀವು ಆ ಕಿಡಕಿ ಹತ್ರ ಕುಂತು ಗೆರಿ ಹೊಡ್ಯಾಕತ್ತೀರಿ, ನಾ ಇಲ್ಲಿ ನಿಂತು ರೊಟ್ಟಿ ಬಡ್ಯಾಕತ್ತೇನಿ… ಹಂಗ ಕಣ್ಣಿಗೆ ಕಟ್ಟಿಬಿಡ್ತು. ಕಾಂಕ್ರೀಟ್ ಹಾಕಿದ ಮ್ಯಾಲ ನನಗ ನಾನ ಗಾಬರಿ ಆದ್ನಿ. ನಾಕ ದಿನ ಆತು. ಒಡೀಬೇಕಂತೀನಿ, ಕೈ ಏಳವಲ್ದು."

"ಎಷ್ಟ ದಿನದಿಂದ?"

"ನಾಕ ದಿನ ಅಂದ್ನೆಲ್ರಿ."

"ಕಟ್ಟಿ ಬಗ್ಗೆ ಕೇಳಲಿಲ್ಲ ನಾ."

ಅವನು ಕಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಸವರಿದ. "ಬೀಳಗಿ ಮನಿ ಕಟ್ಟುಮುಂದಿನಿಂದರಿ. ಆರ ವರ್ಷ. ಸುಡು ಬಿಸಲಾಗ ಒಂದ ಕಿಡಕಿ ಜಾಗಾ ಏಳ ಸಲ ಬದಲ ಮಾಡಿಸಿದ್ರಿ. ಬ್ಯಾರೆ ಗೌಂಡಿ ಆಗಿದ್ರ ಓಡಿ ಹೋಗತಿದ್ದ. ನಾ ಯಾವಾಗ ಬೆಳಗಾಗತದ ಅಂತ ಕಾಯ್ತಿದ್ನಿ."

ಆರು ವರ್ಷ! ಇಪ್ಪತ್ತು ಅಡಿ ದೂರದಿಂದ ಗೋಡೆಯ ಕೂದಲೆಳೆ ಬಿರುಕು ಕಾಣುವ ನನಗೆ, ಎದುರಿಗೇ ನಿಂತವನು ಕಂಡಿರಲಿಲ್ಲ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದು ಇನ್ನೊಂದು ಆಘಾತ.

"ಒಡೀತೇನ್ರಿ," ಎಂದು ಅವನು ದೊಡ್ಡ ಸುತ್ತಿಗೆ ಎತ್ತಿಕೊಂಡ. "ಈ ಮನಿ ಮುಗಿಸಿಕೊಡ್ತೇನಿ. ಮುಂದಿಂದಕ್ಕ ಬ್ಯಾರೆ ಗೌಂಡಿ ನೋಡ್ಕೋರಿ. ಇಷ್ಟು ಹೇಳಿದ ಮ್ಯಾಲ ನಿಮ್ಮ ಮುಂದ ಟೇಪ್ ಹಿಡದು ನಿಂದ್ರಾಕ ನನ್ನ ಕೈಲೆ ಆಗೂದಿಲ್ಲ."

ಗೌಂಡಿಗಳಿಗೇನು ಬರವೇ? ಬೇಕಾದಷ್ಟು ಜನ ಸಿಗುತ್ತಾರೆ. ಹಾಗೆಂದು ಸಮಾಧಾನ ಹೇಳಿಕೊಳ್ಳಲು ಹೋದೆ, ಆಗಲಿಲ್ಲ. ಅವನಿಲ್ಲದ ಸೈಟಿಗೆ ಒಂದು ದಿನವೂ ಹೋಗಲು ನನಗೆ ಮನಸ್ಸಿರಲಿಲ್ಲ. ನನಗೆ ಅವನು ಬೇಕಾಗಿದ್ದ. ಒಬ್ಬಳೇ ಇರಲೆಂದು ಕಟ್ಟಿಸುತ್ತಿದ್ದ ಮನೆಯ ನಡುವೆ ನಿಂತಾಗ ಅದು ಗೊತ್ತಾಯಿತು.

ಸುತ್ತಿಗೆ ಮೇಲೆದ್ದಿತು.

"ನಿಲ್ರಿ!" ಎಂದು ಚೀರಿ, ಎರಡೂ ಕೈಗಳನ್ನು ಕಟ್ಟೆಯ ಮೇಲೆ ಚಾಚಿದೆ.

"ಕೈ ತಗೀರಿ ಮೇಡಂ! ಬಡೀತೈತಿ!"

"ತಗಿಯೂದಿಲ್ಲ. ಇದು ಹಿಂಗ ಇರ್ಲಿ."

"ನಿಮಗ ಎತ್ತರ ಆಗತೈತ್ರಿ."

"ನನಗೆಲ್ಲಿ ರೊಟ್ಟಿ ಬಡ್ಯಾಕ ಬರತೈತಿ? ಅಡಿಗಿ ಮಾಡವರ ಅಳತಿಗೆ ಕಟ್ಟಿ ಇರಬೇಕು."

ಸುತ್ತಿಗೆ ನೆಲಕ್ಕೆ ಬಿತ್ತು. ಅವನು ಸಿಮೆಂಟ್ ಚೀಲದ ಮೇಲೆ ಕೂತ.

"ನಿಮ್ಮ ಅವ್ವಾರು ಏನಂತಾರ್ರಿ?"

"ಬೈತಾಳ. ಎರಡ ದಿನ ಊಟ ಬಿಡ್ತಾಳ. ನಾ ಮಾತಾಡ್ತೇನಿ."

"ಮೇಡಂ, ಖರೇನ ಹೇಳಾಕತ್ತೀರೇನ್ರಿ?"

"ಏನರ ಒಡೀಲೇಬೇಕಂದ್ರ ಮೊದಲ ಆ ಮೇಡಂ ಅನ್ನೂದನ್ನ ಒಡೀರಿ."

ಅವನು ಎದ್ದು ನಿಂತ. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾದು ಹೋಗುವವರೆಗೂ ಕಾದ.

"ಶೇವಂತಿ," ಎಂದ.

ಅಷ್ಟೇ ಅಂದದ್ದು. ನಾನು ಗೋಡೆಯ ಕಡೆ ತಿರುಗಿ, ಏನನ್ನೋ ಅಳೆಯುವವಳ ಹಾಗೆ ಟೇಪ್ ಎಳೆದು ಹಿಡಿದು, ಬಿಕ್ಕಿ ಬಿಕ್ಕಿ ಅತ್ತೆ.