ಚಿಗಟೇರಿಯಲ್ಲಿ ಕಾಣೆಯಾದ ಬೆನ್ನುನೋವು

ಚಿಗಟೇರಿಯ ಹೆಂಗಸರ ಬೆನ್ನುನೋವು ಕಾಣೆಯಾಗಿತ್ತು!

ಹರಪನಹಳ್ಳಿಯ ಸಂಶೋಧನಾ ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ಕಂಪ್ಯೂಟರು ತೆರೆದಾಗಲೇ ಅದು ಗೊತ್ತಾದದ್ದು. ಶ್ರಾವಣದ ಸಮೀಕ್ಷೆಯಲ್ಲಿ ಅರವತ್ತರಲ್ಲಿ ನಲವತ್ತೊಂದು ಜನಕ್ಕೆ ನೋವು. ಈಗ ಅದೇ ಅರವತ್ತು ಜನರಲ್ಲಿ—ಸೊನ್ನೆ. ಮದ್ದಿಲ್ಲ, ಮುಲಾಮಿಲ್ಲ, ಬೆನ್ನುನೋವೇ ಬೆನ್ನು ತೋರಿಸಿ ಓಡಿತೇ?

"ಈಕಿ ಮನ್ಯಾಗ ಕುಂತು ಟಿಕ್ ಹೊಡದಾಳ," ಎಂದರು ಮುಖ್ಯಸ್ಥ ಡಾ. ಗುರುಮೂರ್ತಿ. "ಸಂಜಿಗೆ ಕೆಲಸದಿಂದ ತೆಗೀತೀನಿ."

ಫಾರಂ ತುಂಬಿದ್ದ ರೇಣುಕಾ ಫಾರಮ್ಮುಗಳ ಕಟ್ಟನ್ನು ಮುಂದೆ ಸರಿಸಿದಳು. "ಅವ್ರು ಹೇಳಿದ್ದನ್ನಾ ಬರದೀನ್ರಿ ಸರ್."

ವಿಚಾರಣೆಗೆ ಕರೆಸಿದ್ದು ನಿವೃತ್ತ ಎಎಸ್‌ಐ ಉಚ್ಚಂಗೆಪ್ಪನನ್ನು. ಕೊಲೆ, ದರೋಡೆ ಕಂಡವನಿಗೆ ನೋವು ಹುಡುಕುವ ಕೆಲಸ! ತಲೆ ಚಿಟ್ಟು ಹಿಡಿಯಿತು. ಅರವತ್ತೂ ಫಾರಂ ತಿರುವಿದ. ಕೊನೆಯ ಸಾಲಿನ ಮೇಲೆ ಬೆರಳಿಟ್ಟ.

"ಈ ಸಾಲು ಕಂಪ್ಯೂಟರಿಗೆ ಹತ್ತಿಲ್ಲಲ್ರಿ?"

"ಅದರಾಗ ಅಂಕಿ ಎಲ್ಲೈತ್ರಿ? ಅಳತಿಗೆ ಸಿಕ್ಕಿದ್ದಷ್ಟಾ ಸತ್ಯ. ಉಳಿದದ್ದು ಹರಟಿ."

"ಅಳ...ತಿ!" ಡಾಕ್ಟರ ರಾಗವನ್ನೇ ಎಳೆದು ಅಣಕಿಸಿ ಉಚ್ಚಂಗೆಪ್ಪ ಬಸ್ಸು ಹತ್ತಿದ.

ಚಿಗಟೇರಿಯಲ್ಲಿ ಹುಲುಗಮ್ಮ ಒಬ್ಬಳೇ ಕಟ್ಟೆಯ ಮೇಲಿದ್ದಳು. ಫಾರಮ್ಮುಗಳಲ್ಲಿ ಆಕೆಯದೂ ಒಂದು.

"ಬೆನ್ನು ನೋವೈತೇನವಾ?"

"ಇಲ್ರಿ, ಆರಾಮ ಐತಿ," ಎನ್ನುತ್ತಲೇ ಕಂಬ ಹಿಡಿದು, ಎರಡು ಕಂತಿನಲ್ಲಿ ಎದ್ದು ನಿಂತಳು.

"ಈ ಹೆಬ್ಬೆಟ್ಟು?"

"ನಂದಾರಿ. ಮೆಕ್ಕಿಜ್ವಾಳದ ಕಣದಾಗ ಒತ್ತಿದ್ದು."

ಉಚ್ಚಂಗೆಪ್ಪ ದನಿ ತಗ್ಗಿಸಿ ಒಂದು ಹೆಸರು ಹೇಳಿದ. ಹುಲುಗಮ್ಮ ಓಣಿಯ ಎರಡೂ ಕಡೆ ನೋಡಿದಳು. ಆಮೇಲೆ ಮಾತಾಡಿದಳು.

ಸಂಜೆಗೆ ಕಚೇರಿಯಲ್ಲಿ ಉಚ್ಚಂಗೆಪ್ಪ ಫಾರಮ್ಮುಗಳನ್ನು ಮೇಜಿಗೆ ಕುಕ್ಕಿದ.

"ಮೂವತ್ತು ವರ್ಷ ಹೇಳಿಕಿ ಬರಕೊಂಡೀನ್ರಿ. ಯಾರ ಮುಂದ ಹೇಳಿದ್ರು ಅನ್ನೋದು ಬಿಟ್ರ ಹೇಳಿಕಿ ರದ್ದಿ! ಕೊನೀ ಸಾಲು ಓದ್ರಿ. 'ಕೇಳುವಾಗ ಎದುರಿಗಿದ್ದವರು'—ಅರವತ್ತರಾಗೂ ಹಾಲೇಶಪ್ಪ. ಈಕಿ ಬರದಾಳ, ನೀವು ಓದಿಲ್ಲ."

"ಯಾರಂವ?"

"ಕೂಲಿಗೆ ಕರಿಯಾಂವ. ನೋವು ಅಂದಾಕಿನ್ನ ನಾಳಿ ಕರಿಯಂಗಿಲ್ಲ. ಬಾಯಿ ಬಿಡ್ತಾರೇನ್ರಿ?"

"ಹಂಗಾರ ತಪ್ಪು ಹಾಲೇಶಪ್ಪಂದು!"

"ಅಂವ ಸುಮ್ಮನ ನಿಂತಿದ್ದ. ಅಂವನ ಮುಂದ ಕೇಳಾಕ ಕಳಿಸಿದಾಂವ ಯಾರು?"

ರೇಣುಕಾ ಮೆಲ್ಲಗೆ ಹೇಳಿದಳು: "ಶ್ರಾವಣದಾಗ ಮನಿಮನಿಗೆ ಹೋಗಿ ಕೇಳಿದ್ದೆ. ಈ ಸಲ ಒಂದಾ ದಿನದಾಗ ಅರವತ್ತೂ ಮುಗಿಸು ಅಂದ್ರಿ, ಸರ್. ಅಷ್ಟು ಮಂದಿ ಒಟ್ಟಿಗೆ ಸಿಗೋದು ಕಣದಾಗಾ."

"ನೋವು ಕದ್ದಾಂವ ನೀವಾ, ಡಾಕ್ಟ್ರ!" ಎಂದ ಉಚ್ಚಂಗೆಪ್ಪ.

ಗುರುಮೂರ್ತಿ ಮೇಜಿನ ಮೇಲೆ ಬರೆದಿಟ್ಟಿದ್ದ ವಜಾ ಪತ್ರವನ್ನು ಹರಿದರು. "ಮನಿಮನಿಗೆ ಹೋಗಿ ಕೇಳವಾ. ಹತ್ತು ದಿನ ಸಾಕೇನು?"

"ಇಪ್ಪತ್ತು, ಸರ್. ಅವ್ರು ಬಾಯಿ ಬಿಡಾಕ ಹೊತ್ತು ಬೇಕು."

ಡಾಕ್ಟರು ಇಪ್ಪತ್ತೆಂದೇ ಬರೆದು ಸಹಿ ಹಾಕಿದರು.