ಸ್ಟಿಕ್ಕರ್ ಅಂಟಿದ ಕಾಯಿ

ಮಂಗಳಾ ಅಕ್ಕಿ ಮೂಟೆಗಳ ಹಿಂದೆ ಅಡಗಿ ನಿಂತಿದ್ದಳು. ಬುಟ್ಟಿಯಲ್ಲಿ ಸಕ್ಕರೆ, ತೊಗರಿಬೇಳೆ, ಆಫರಿನ ಎಣ್ಣೆ ಪೌಚು ಎರಡು, ಅವುಗಳ ಅಡಿಯಲ್ಲಿ ಯಾರಿಗೂ ಕಾಣದಂತೆ ಒಂದು ತೆಂಗಿನಕಾಯಿ. ತಿಪಟೂರಿನ ಈ ರಿಯಾಯಿತಿ ಸೂಪರ್‌ಮಾರ್ಕೆಟ್ಟಿನಲ್ಲಿ ಏನು ಕೊಂಡರೂ ನಾಚಿಕೆಯಿಲ್ಲ, ಕಾಯಿ ಒಂದನ್ನು ಬಿಟ್ಟು. ಮನೆಮನೆಗೂ ತೆಂಗಿನ ತೋಟವಿರುವ ಈ ಸೀಮೆಯಲ್ಲಿ ದುಡ್ಡು ಕೊಟ್ಟು ಕಾಯಿ ತರುವವರನ್ನು ಜನ ಒಂದು ಥರ ನೋಡುತ್ತಾರೆ.

ಆದರೆ ಇವತ್ತು ಅವಳು ಅಡಗಿದ್ದು ಜನರಿಗೆ ಹೆದರಿ ಅಲ್ಲ, ಒಬ್ಬನಿಗೆ ಹೆದರಿ. ಪಕ್ಕದ ಸಾಲಿನಲ್ಲಿ ಯಾರೋ "ಒಂಚೂರು ಜಾಗ ಬುಡ್ರಿ" ಅಂದಿದ್ದರು. ಆ ದನಿ ಅವಳಿಗೆ ಗೊತ್ತು. ದಂಡಿನಶಿವರದಲ್ಲಿ ದಿನಸಿ ಅಂಗಡಿ ಇಟ್ಟಿರುವ ರೇಣುಕಪ್ರಸಾದನದು. ಹಿಂದಿನ ಭಾನುವಾರ ತುರುವೇಕೆರೆಗೆ ಅವಳನ್ನು ನೋಡಲು ಬಂದಿದ್ದ ಗಂಡು ಅವನು.

ಆ ದಿನ ಎಲ್ಲ ಚೆನ್ನಾಗಿಯೇ ನಡೆದಿತ್ತು. ಉಪ್ಪಿಟ್ಟಿನಲ್ಲಿ ಸಿಕ್ಕ ಮೆಣಸಿನಕಾಯಿ ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು "ಚೆನ್ನಾಗಿದೆ" ಅಂದಿದ್ದ. ಅವಳು ಬಾಗಿಲ ಪರದೆ ಹಿಡಿದು ನಗು ತಡೆದದ್ದು ಅವನಿಗೆ ಕಂಡಿತ್ತು. ಅವನೂ ಲೋಟದ ಮರೆಯಲ್ಲಿ ನಕ್ಕಿದ್ದ. ಮಂಗಳಾ ಮನಸ್ಸಿನಲ್ಲೇ ಒಪ್ಪಿಬಿಟ್ಟದ್ದು ಆಗ.

ಅವನ ತಾಯಿ ಸಿದ್ದಮ್ಮ ಹೊರಡಲು ಎದ್ದಾಗ ಮಂಗಳಾಳ ಅಮ್ಮ ಕುಂಕುಮ ಕೊಟ್ಟು, ಎಲೆ ಅಡಿಕೆಯ ಜೊತೆ ಕಾಯಿ ಕೊಟ್ಟಳು. "ನಮ್ ತೋಟದ್ದೇ ಕಣ್ರೀ" ಅಂದಳು. ತೋಟ ದೊಡ್ಡಪ್ಪನ ಪಾಲಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಅಷ್ಟರಲ್ಲಿ ಮಂಗಳಾಳ ಕಣ್ಣಿಗೆ ಬಿತ್ತು, ಕಾಯಿಯ ಜುಟ್ಟಿನ ಪಕ್ಕ ಒಂದು ಬಿಳಿ ಸ್ಟಿಕ್ಕರ್. ಅಂಗಡಿಯ ಹೆಸರು, ಬೆಲೆ, ಕೆಳಗೆ ಕೆಂಪಕ್ಷರದಲ್ಲಿ 'ಉಳಿತಾಯ'. ಯಾವಾಗಲೂ ಬಸ್ಸಿನಲ್ಲೇ ಉಗುರಿನಿಂದ ಕೆರೆದು ತೆಗೆಯುತ್ತಿದ್ದವಳು ಈ ಕಾಯಿಯದನ್ನು ಮರೆತಿದ್ದಳು.

ರೇಣುಕಪ್ರಸಾದನೂ ನೋಡಿದ. "ಕೊಡವ್ವ, ನಾನ್ ಹಿಡ್ಕತೀನಿ" ಎಂದು ಕಾಯಿ ತೆಗೆದುಕೊಂಡು, ಹೆಬ್ಬೆರಳಲ್ಲಿ ಸ್ಟಿಕ್ಕರ್ ಎಬ್ಬಿಸಿ ಜೇಬಿಗೆ ಹಾಕಿಕೊಂಡ. ಅವನ ಮುಖದಲ್ಲಿದ್ದ ನಗು ಹೋಗಿತ್ತು. ಆಮೇಲೆ ಅವರ ಕಡೆಯಿಂದ ಒಂದು ಫೋನೂ ಬರಲಿಲ್ಲ.

ನೆನೆದಾಗಲೆಲ್ಲ ಮಂಗಳಾಳ ಕಿವಿ ಬಿಸಿಯಾಗುತ್ತಿತ್ತು. ಕಾಯಿ ಅಗ್ಗದ್ದು ಅನ್ನುವುದಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಸುಳ್ಳು ಹೇಳಿ ಕೊಟ್ಟದ್ದು, ಅದು ಅವನ ಕೈಯಲ್ಲೇ ಸಿಕ್ಕಿಬಿದ್ದದ್ದು, ಅವನು ಏನೂ ಅನ್ನದೆ ಮುಚ್ಚಿಟ್ಟದ್ದು, ಇವೆಲ್ಲ ಸೇರಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಈಗ ಮೂಟೆಯ ಸಂದಿಯಿಂದ ಬಗ್ಗಿ ನೋಡಿದಳು. ಸೋಪು, ಬಿಸ್ಕತ್ತು, ಬಟ್ಟೆ ಪೌಡರು ತುಂಬಿ ತುಳುಕುವ ಟ್ರಾಲಿ. ಅದನ್ನು ತಳ್ಳುತ್ತಿದ್ದವನು ತಲೆಗೆ ಹೆಲ್ಮೆಟ್ ಹಾಕಿಕೊಂಡೇ ಇದ್ದ. ಸೆಕ್ಯೂರಿಟಿ ರಾಜಣ್ಣ ಅವನ ದಾರಿಗೆ ಅಡ್ಡ ನಿಂತ.

"ಎಷ್ಟ್ ಸಲ ಹೇಳದ್ ಸಾರ್ ನಿಮ್ಗೆ, ಒಳಗೆ ಹೆಲ್ಮೆಟ್ ಹಾಕ್ಬ್ಯಾಡಿ ಅಂತ."

"ಗಾಳಿ ತಗುಲಿದ್ರೆ ತಲೆನೋವು ಬತ್ತದೆ ಕಣಣ್ಣ."

"ಇಲ್ ಫ್ಯಾನೇ ತಿರುಗ್ತಿಲ್ವಲ್ಲ ಸಾರ್."

ಮಂಗಳಾಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟಳು. ಹೆಲ್ಮೆಟ್ ತೆಗೆಯುತ್ತಿದ್ದ ರೇಣುಕಪ್ರಸಾದ್ ತಿರುಗಿದ. ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಅವನು ತಟ್ಟನೆ ಟ್ರಾಲಿಗೆ ಅಡ್ಡ ನಿಂತ. ಅವಳು ತಟ್ಟನೆ ಬುಟ್ಟಿಯನ್ನು ಬೆನ್ನ ಹಿಂದೆ ಸರಿಸಿದಳು. ರಾಜಣ್ಣ ಇಬ್ಬರನ್ನೂ ಒಮ್ಮೆ ನೋಡಿ ಬಾಗಿಲ ಕಡೆ ಹೋದ.

ಇನ್ನು ಬಚ್ಚಿಡಲು ಏನಿದೆ ಎನ್ನಿಸಿತು ಅವಳಿಗೆ. "ಆ ಕಾಯಿ ನಮ್ ತೋಟದ್ದಲ್ಲ" ಅಂದಳು, ನೆಲ ನೋಡುತ್ತಾ. "ನಮ್ಗೆ ತೋಟನೇ ಇಲ್ಲ. ಅಮ್ಮ ಸುಳ್ಳು ಹೇಳಿದ್ರು, ನಾನು ಸುಮ್ನೆ ನಿಂತಿದ್ದೆ. ನೀವು ಫೋನ್ ಮಾಡ್ದೇ ಇದ್ದಿದ್ದು ಸರಿನೇ."

"ಅದಕ್ಕಲ್ಲ ಕಣ್ರೀ ಮಾಡ್ದೇ ಇದ್ದಿದ್ದು." ಅವನು ಹೆಲ್ಮೆಟ್ಟನ್ನು ಕೈಯಿಂದ ಕೈಗೆ ಬದಲಾಯಿಸಿದ. "ಸ್ಟಿಕ್ಕರ್ ನೋಡ್ದಾಗ ನೀವು ಈ ಅಂಗಡಿಗೆ ಬತ್ತೀರ ಅಂತ ಗೊತ್ತಾಯ್ತು. ಬತ್ತೀರ ಅಂದ್ಮೇಲೆ ನನ್ನೂ ನೋಡಿರ್ತೀರ ಅನ್ಕಂಡೆ."

"ನೋಡಿದ್ರೆ ಏನಾಯ್ತು?"

ಅವನು ಪಕ್ಕಕ್ಕೆ ಸರಿದು ಟ್ರಾಲಿ ತೋರಿಸಿದ. "ಇದು ಮನೆಗಲ್ಲ. ಅಂಗಡಿಗೆ."

'ನನ್ ಮಗ ತುಮಕೂರು ಮಂಡಿಯಿಂದ್ಲೇ ಮಾಲು ತರ್ಸದು' ಎಂದು ಸಿದ್ದಮ್ಮ ಅಂದು ಹೆಮ್ಮೆಯಿಂದ ಹೇಳಿದ್ದು ಮಂಗಳಾಗೆ ನೆನಪಾಯಿತು.

"ಆಫರ್ ಇದ್ದಾಗ ಇಲ್ಲಿ ಹೋಲ್‌ಸೇಲ್‌ಗಿಂತ ಅಗ್ಗ ಬೀಳ್ತದೆ" ಅಂದ ಅವನು. "ತಗಂಡೋಗಿ ಮಾರ್ತೀನಿ. ಊರೋರು ಕಂಡ್ರೆ ಅವರೇ ಇಲ್ಲಿಗ್ ಬರ್ತಾರೆ, ನನ್ ಅಂಗಡಿ ಮೆಟ್ಲು ಯಾರ್ ಹತ್ತಾರೆ? ಅವ್ವಂಗೂ ಹೇಳಿಲ್ಲ. ಅವತ್ತು ಅವಳು ಮಂಡಿ ಅಂತಿದ್ರೆ ನಾನೂ ತಲೆ ಆಡಿಸ್ಕಂಡ್ ಕೂತಿದ್ದೆ. ನೀವು ಒಳಗೊಳಗೇ ನಗ್ತಿದ್ರೇನೋ ಅಂತ ಆಮೇಲೆ ಮುಖ ತೋರ್ಸಕ್ಕೂ ಆಗ್ಲಿಲ್ಲ."

ಅವನ ಕಿವಿಗಳು ಕೆಂಪಗಾಗಿದ್ದವು. ತಾನು ವಾರವಿಡೀ ಹೊತ್ತು ತಿರುಗಿದ್ದನ್ನೇ ಇವನೂ ಹೊತ್ತಿದ್ದಾನೆ ಎಂದು ಗೊತ್ತಾಗುತ್ತಲೇ ಅವನ ಮೇಲೆ ಅವಳಿಗೆ ತುಂಬ ಪ್ರೀತಿ ಬಂತು.

"ನಾನು ನೋಡೇ ಇಲ್ಲ. ನೋಡಿದ್ರೂ ಹೆಲ್ಮೆಟ್ಟಲ್ಲಿ ಹೆಂಗೆ ಗುರ್ತು ಸಿಗುತ್ತೆ?"

"ಅಂಗಿ? ಅವತ್ತಿಂದೇ ಹಾಕಿದೀನಿ."

"ಅವತ್ತು ನಾನೇನು ಅಂಗಿ ನೋಡ್ತಿದ್ನಾ?"

"ಮತ್ತೇನ್ ನೋಡ್ತಿದ್ರಿ?"

ಮಂಗಳಾ ಬಿಲ್ಲಿಂಗ್ ಸಾಲಿನ ಕಡೆ ನಡೆದಳು. ಅವನು ಟ್ರಾಲಿ ತಳ್ಳಿಕೊಂಡು ಹಿಂದೆಯೇ ಬಂದ. ಸಾಲು ಮುಂದೆ ಹೋಗುವವರೆಗೆ ಅವಳು ಎರಡು ಸಲ ಹಿಂದೆ ನೋಡಿದಳು. ಎರಡು ಸಲವೂ ಅವನು ಬಿಸ್ಕತ್ತಿನ ಬೆಲೆ ಓದುತ್ತಿರುವಂತೆ ನಟಿಸಿದ.

ಅವನ ಎರಡು ಎಣ್ಣೆ ಪೌಚುಗಳು ಟ್ರಾಲಿಯಲ್ಲಿ ಅಂಗಾತ ಇಟ್ಟ ಹೆಲ್ಮೆಟ್ಟಿನೊಳಗಿದ್ದವು. ಅವನು ಅವನ್ನು ಎತ್ತಿ ಕೌಂಟರಿನ ಮೇಲಿಟ್ಟಾಗ ಹೆಲ್ಮೆಟ್ಟಿನ ಒಳಗೆ, ಹಣೆಗೆ ತಾಗುವ ಜಾಗದಲ್ಲಿ, ಬಿಳಿ ಸ್ಟಿಕ್ಕರ್ ಕಂಡಿತು. ಕೆಂಪಕ್ಷರದಲ್ಲಿ 'ಉಳಿತಾಯ'. ಅವಳು ನೋಡಿದಳು. ಅವನು ಅಂಗೈ ಮುಚ್ಚಿದ, ತಡವಾಗಿತ್ತು.

"ಬಿಸಾಕಕ್ಕೆ ಮನಸ್ ಬರ್ಲಿಲ್ಲ" ಅಂದ ಮೆಲ್ಲಗೆ.

ಬಿಲ್ ಹಾಕುವ ಹುಡುಗಿ ತಲೆ ಎತ್ತಿದಳು. "ಆಫರ್ ಎಣ್ಣೆ ಒಂದ್ ಮನೆಗೆ ಎರಡೇ ಪೌಚು. ಇಲ್ಲಿ ನಾಲ್ಕಿದೆ. ನೀವಿಬ್ರೂ ಒಂದೇ ಮನೆಯವ್ರಾ?"

"ಅಲ್ಲಲ್ಲ, ಬೇರೆ ಬೇರೆ" ಅಂದ ರೇಣುಕಪ್ರಸಾದ್, ಪೌಚು ಕೈತಪ್ಪೀತೆಂದು, ವ್ಯಾಪಾರದ ಅಭ್ಯಾಸಬಲದಿಂದ. ಅಂದವನು ಅಲ್ಲೇ ನಾಲಿಗೆ ಕಚ್ಚಿಕೊಂಡು ಮಂಗಳಾಳ ಮುಖ ನೋಡಿದ.

"ಒಂದೇ ಮನೆ" ಅಂದಳು ಮಂಗಳಾ. ದನಿ ತೀರ ಸಣ್ಣಗಿತ್ತು.

ಹುಡುಗಿ ಎರಡು ಪೌಚು ಎತ್ತಿ ಪಕ್ಕಕ್ಕಿಟ್ಟಳು. ಅವನು ಆ ಕಡೆ ನೋಡಲೂ ಇಲ್ಲ.

ಹೊರಗೆ ಬೈಕಿಗೆ ಚೀಲ ಕಟ್ಟುತ್ತಾ, "ಅವ್ವಂಗೆ ಇವತ್ತೇ ಹೇಳ್ತೀನಿ, ಮಾಲು ಎಲ್ಲಿಂದ ತರ್ತೀನಿ ಅಂತ. ನಿಮ್ ಕಾಯಿ ವಿಷ್ಯ ಎತ್ತಲ್ಲ" ಅಂದ.

ಮಂಗಳಾ ಚೀಲದಿಂದ ಕಾಯಿ ತೆಗೆದಳು. ಉಗುರು ತಾನಾಗಿ ಸ್ಟಿಕ್ಕರಿನ ಅಂಚಿಗೆ ಹೋಯಿತು. ಬೆರಳು ಹಿಂದಕ್ಕೆಳೆದುಕೊಂಡು, ಎರಡೂ ಕೈಯಲ್ಲಿ ಕಾಯಿ ಹಿಡಿದು ಅವನಿಗೆ ಕೊಟ್ಟಳು.

"ಇದನ್ನ ನಿಮ್ಮ ಅವ್ವಂಗೆ ಕೊಡಿ. ನಾನ್ ಕೊಟ್ಟೆ ಅನ್ನಿ. ಸ್ಟಿಕ್ಕರ್ ಕೀಳ್ಬೇಡಿ."

ಸಂಜೆ ಫೋನ್ ಬಂದಾಗ ಅಮ್ಮ ಪಕ್ಕದಲ್ಲೇ ಕೂತಿದ್ದಳು. ಅತ್ತ ಕಡೆ ಸಿದ್ದಮ್ಮ. ಮಂಗಳಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಕಾಯಿ ಬಂತು ಕಣವ್ವ" ಅಂದರು ಸಿದ್ದಮ್ಮ. "ನಮ್ಗೂ ತೋಟ ಇಲ್ಲ. ನಾನೂ ಸಂತೇಲಿ ಕದ್ದು ಮುಚ್ಚಿ ತರ್ತಿದ್ದೆ, ಅದೂ ಇದಕ್ಕಿಂತ ಜಾಸ್ತಿ ಕೊಟ್ಟು. ಇಷ್ಟ್ ಅಗ್ಗಕ್ಕೆ ಸಿಗುತ್ತೆ ಅಂತ ನಿಮ್ ಅತ್ತೆಗೆ ಅವತ್ತೇ ಒಂದ್ ಮಾತು ಹೇಳ್ಬಾರ್ದಿತ್ತಾ?"

ಯಾವ ಅತ್ತೆ ಎಂದು ತಿಳಿಯಲು ಮಂಗಳಾಗೆ ಒಂದು ಗಳಿಗೆ ಬೇಕಾಯಿತು.