ಮುಷ್ಟಿಯೊಳಗಿನ ರೋಟರ್

ಗಾಡಿ ಸ್ಟಾರ್ಟ್ ಆಗುವುದಿಲ್ಲವೆಂದು ಆ ಶೆಡ್ಡಿನಲ್ಲಿದ್ದ ನಾಲ್ವರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮೇಸ್ತ್ರಿ ಡ್ಯಾಶ್‌ಬೋರ್ಡಿನ ಗುಂಡಿ ಎಳೆದ. ಹಳೆಯ ಹಸಿರು ಮಾರಿಸ್ ಮೈನರ್ ಕಾರು ಗರ್ ಗರ್ ಎಂದು ಒದ್ದಾಡಿ ಸುಮ್ಮನಾಯಿತು. ಇನ್ನೊಮ್ಮೆ ಎಳೆದ. ಅದೇ ಕಥೆ.

"ಬೆಳಿಗ್ಗೆ ಒಂದೇ ಎಳೆತಕ್ಕೆ ಎದ್ದಿತ್ತು, ಸರ್," ಎಂದ, ಗಾಡಿ ಕೊಳ್ಳಲು ಬಂದ ವಕೀಲರಿಗೆ. ಅವಳ ಅಣ್ಣ ಗಡಿಯಾರ ನೋಡಿಕೊಂಡ.

ಅವಳು ಬೆನ್ನ ಹಿಂದೆ ಮುಷ್ಟಿ ಬಿಗಿ ಮಾಡಿದಳು. ಅದರೊಳಗಿತ್ತು ರೋಟರ್: ಹೆಬ್ಬೆರಳಷ್ಟು ದಪ್ಪದ ಕಂದು ತುಂಡು, ತಲೆಯ ಮೇಲೊಂದು ಹಿತ್ತಾಳೆ ಪಟ್ಟಿ. ಇಂಜಿನ್ನಿಗೆ ಕಿಡಿ ಹಂಚುವುದು ಅದೇ. ಅದಿಲ್ಲದೆ ಬ್ರಹ್ಮ ಬಂದು ಎಳೆದರೂ ಗಾಡಿ ಏಳದು.

ಅಪ್ಪನಿಗೆ ಬಾಗಿಲ ಬೀಗದ ಮೇಲೆ ನಂಬಿಕೆಯೇ ಇರಲಿಲ್ಲ. ಎಲ್ಲಿ ಗಾಡಿ ನಿಲ್ಲಿಸಿದರೂ ಬಾನೆಟ್ ಎತ್ತಿ ರೋಟರ್ ಕಿತ್ತು ಅಮ್ಮನ ಅಂಗೈಯಲ್ಲಿಟ್ಟು, "ತಗೋ, ಇನ್ನು ನೀನಿಲ್ಲದೆ ನಾನು ಎಲ್ಲಿಗೂ ಹೋಗೋ ಹಾಗಿಲ್ಲ," ಎನ್ನುತ್ತಿದ್ದ. ಜನರೆದುರು ಇದೇನು ಎಂದು ಅಮ್ಮ ಸಿಡುಕುತ್ತಿದ್ದಳು, ಸಿಡುಕುತ್ತಲೇ ಪರ್ಸಿಗೆ ಹಾಕಿಕೊಳ್ಳುತ್ತಿದ್ದಳು. ಈಗ ಇಬ್ಬರೂ ಇಲ್ಲ. ಗಾಡಿ ಮಾತ್ರ ಉಳಿದಿತ್ತು, ಅದನ್ನು ರಿಪೇರಿ ಮಾಡಿಸಿ ಮಾರಿಬಿಡೋಣ ಎಂದಿದ್ದ ಅಣ್ಣ.

ಈ ಕಥೆಯನ್ನು ಅವಳು ಮೇಸ್ತ್ರಿಗೆ ಹೇಳಿದ್ದು ಗಾಡಿಯ ಬಾಗಿಲಿಗೆ ಉಪ್ಪುಕಾಗದ ಉಜ್ಜುತ್ತಾ. ಆತ ನಗಲಿಲ್ಲ. ರೋಟರನ್ನು ಬಟ್ಟೆಯಲ್ಲಿ ಒರೆಸಿ, ನಿಧಾನವಾಗಿ ಅದರ ಜಾಗದಲ್ಲಿ ಕೂರಿಸಿದ್ದ.

ರಿಪೇರಿ ನೋಡಲು ವಾರಕ್ಕೊಮ್ಮೆ ಬರುತ್ತಿದ್ದವಳು ತನ್ನ ಕನ್ನಡಕದ ಅಂಗಡಿ ಬೇಗ ಮುಚ್ಚಿ ದಿನವೂ ಬರತೊಡಗಿದ್ದಳು. ಅವನು ಅವಳನ್ನು 'ಕನ್ನಡಕ' ಎಂದೇ ಕರೆಯುತ್ತಿದ್ದ. "ಕನ್ನಡಕ, ಸ್ವಲ್ಪ ಪಕ್ಕಕ್ಕೆ ಬನ್ನಿ, ಬೆಳಕು ಬೇಕು," ಎನ್ನುವನು. ಅವಳು ಪಕ್ಕಕ್ಕೆ ಸರಿದರೆ, ಅವನ ಕಣ್ಣೂ ಅವಳ ಜೊತೆಗೇ ಪಕ್ಕಕ್ಕೆ ಸರಿಯುತ್ತಿತ್ತು. ಪಾಪ, ಬೆಳಕು ಇಂಜಿನ್ನಿನ ಮೇಲೆ ದಂಡವಾಗಿ ಬೀಳುತ್ತಿತ್ತು.

ಅಂಥವನು ಕಳೆದ ತಿಂಗಳು ಇದ್ದಕ್ಕಿದ್ದಂತೆ ಮಾತು ಕಮ್ಮಿ ಮಾಡಿದ. ಹಗಲೂ ರಾತ್ರಿ ಕೂತು ಕೆಲಸ ಮುಗಿಸಿಬಿಟ್ಟ. ತನ್ನನ್ನು ಸಾಗಹಾಕಲು ಇಷ್ಟೊಂದು ಆತುರವೇ ಎಂದು ಅವಳು ಒಳಗೊಳಗೇ ಬೆಂದಿದ್ದಳು.

"ಹೆಸರು ಕೇಳಿ ನಿಮ್ಮ ಹತ್ರ ಕೊಟ್ವಿ," ಅಣ್ಣ ದನಿ ಏರಿಸಿದ. "ಇದೇನಾ ನಿಮ್ಮ ಕೆಲಸ?"

ಮೇಸ್ತ್ರಿಯ ಮುಖ ಸಣ್ಣದಾಯಿತು. ಪೆಟ್ರೋಲ್ ನೋಡಿದ, ಬ್ಯಾಟರಿ ನೋಡಿದ, ತೋಳಿನಿಂದ ಹಣೆ ಒರೆಸಿಕೊಂಡ. ಗಾಡಿ ಉಳಿಸಿಕೊಳ್ಳಲು ಹೋಗಿ ಅವನ ಮಾನ ಕಳೆಯುತ್ತೇನೆಂದು ಅವಳಿಗೆ ಹೊಳೆದೇ ಇರಲಿಲ್ಲ. ಹೇಳಿದರೆ ಗಾಡಿ ಹೋಗುತ್ತದೆ, ಹೇಳದಿದ್ದರೆ ಅವನ ಹೆಸರು.

ಅವನು ರೋಟರ್ ಕೂರುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದ. ಕೈ ಅಲ್ಲೇ ನಿಂತಿತು.

ತಲೆ ಮೆಲ್ಲಗೆ ಮೇಲೆದ್ದಿತು. ಕಣ್ಣು ಅವಳ ಮುಖಕ್ಕೆ ಬಂತು, ಅಲ್ಲಿಂದ ಬೆನ್ನ ಹಿಂದೆ ಅಡಗಿದ ತೋಳಿಗೆ, ಮತ್ತೆ ಮುಖಕ್ಕೆ. ಮುಗಿಯಿತು ಎಂದು ಅವಳು ಕಣ್ಣು ಮುಚ್ಚಿದಳು.

ಟಕ್ ಟಕ್ಕೆಂದು ಮುಚ್ಚಳದ ಕ್ಲಿಪ್ ಮತ್ತೆ ಕೂತ ಸದ್ದಾಯಿತು.

"ಕ್ಷಮಿಸಿ ಸರ್. ನಾನೇ ಎಲ್ಲೋ ಎಡವಿದ್ದೀನಿ. ಇವತ್ತು ಇದು ಏಳಲ್ಲ."

"ನನ್ನ ಇನ್ನೆರಡು ಹಳೇ ಗಾಡಿನೂ ನಿಮಗೇ ಕೊಡೋಣ ಅಂತಿದ್ದೆ," ಎಂದು ವಕೀಲರು ತಲೆ ಅಲ್ಲಾಡಿಸಿ ಗೇಟಿನ ಕಡೆ ಹೊರಟರು.

"ನಿಲ್ಲಿ ಸರ್!"

ಅವಳು ಮುಂದೆ ಬಂದು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ರೋಟರಿನ ಅಚ್ಚು ಕೆಂಪಗೆ ಮೂಡಿತ್ತು. "ಇವರ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಕದ್ದಿದ್ದು ನಾನು."

"ತಲೆ ನೆಟ್ಟಗಿದೆಯಾ ನಿಂಗೆ?" ಎಂದ ಅಣ್ಣ.

"ಇಲ್ಲ ಅಣ್ಣ. ಈ ಗಾಡಿ ಹೋದ್ರೆ ಯಾವ ನೆಪ ಹೇಳ್ಕೊಂಡು ನಾನಿಲ್ಲಿಗೆ ಬರಲಿ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳ ಕಿವಿಗಳು ಬಿಸಿಯಾದವು. ವಕೀಲರು ಗಂಟಲು ಸರಿಪಡಿಸಿಕೊಂಡರು.

"ಕೊಳ್ಳೋಕೆ ಬಂದೋನು ನಾನು, ಕಿತ್ಕೊಳ್ಳೋಕಲ್ಲ. ಮೇಸ್ತ್ರೀ, ನನ್ನವೆರಡನ್ನೂ ಸೋಮವಾರ ಕಳಿಸ್ತೀನಿ."

ಅಣ್ಣ ತಂಗಿಯನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ. "ಥೇಟ್ ಅಪ್ಪನೇ ನೀನು. ಮನೆಗೆ ಬಾ, ಮಾತಾಡೋಣ," ಎಂದು ದುಮುಗುಟ್ಟುತ್ತಾ ವಕೀಲರ ಹಿಂದೆ ನಡೆದ.

ಮೇಸ್ತ್ರಿ ಅವಳ ಅಂಗೈಯಿಂದ ರೋಟರ್ ತೆಗೆದು ಕೂರಿಸಿ ಗುಂಡಿ ಎಳೆದ. ಒಂದೇ ಎಳೆತಕ್ಕೆ ಎದ್ದಿತು. "ಹತ್ತಿ," ಎಂದ.

ಗಾಡಿ ರಸ್ತೆಯ ತಿರುವು ತಲುಪಿತು.

"ಕೆಲಸ ಬೇಗ ಮುಗಿಯುತ್ತಾ ಅಂತ ಕೇಳಿದ್ರಲ್ಲ ಕಳೆದ ತಿಂಗಳು," ಅವನೆಂದ. "ಮಾರೋಕೆ ನಿಮಗೆ ಅವಸರ ಅಂದ್ಕೊಂಡೆ. ಅದಕ್ಕೇ ನಿದ್ದೆಗೆಟ್ಟು ಮುಗಿಸ್ದೆ."

"ಅಯ್ಯೋ, ಎಲ್ಲಿ ಮುಗಿದುಬಿಡುತ್ತೋ ಅನ್ನೋ ಭಯಕ್ಕೆ ಕೇಳಿದ್ದು ಮೇಸ್ತ್ರಿ!"

"ಕದಿಯೋ ಬದಲು, ದಿನಾ ಬರಲಾ ಅಂತ ನನ್ನನ್ನೇ ಕೇಳಬಾರದಿತ್ತಾ?"

"ಕೇಳಿದ್ರೆ ಏನು ಹೇಳ್ತಿದ್ರಿ?"

ಅವನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸಿ, ಇಳಿದುಹೋಗಿ ಬಾನೆಟ್ ಎತ್ತಿದ. ಮತ್ತೇನು ಕೆಟ್ಟಿತೋ ಎಂದು ಅವಳು ಕಿಟಕಿಯಿಂದ ಇಣುಕಿದಳು.

ಅವನು ಸುತ್ತು ಹಾಕಿ ಅವಳ ಕಿಟಕಿಗೆ ಬಂದ. ಅವಳ ಕೈ ಹಿಡಿದು, ಅಂಗೈಯ ಕೆಂಪು ಅಚ್ಚಿನ ಮೇಲೆ ಈಗಷ್ಟೇ ಕಿತ್ತ ರೋಟರ್ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದ. ಅದಿನ್ನೂ ಬೆಚ್ಚಗಿತ್ತು.

ಇನ್ನು ಅವಳಿಲ್ಲದೆ ಅವನು ಎಲ್ಲಿಗೂ ಹೋಗುವ ಹಾಗಿರಲಿಲ್ಲ.